ನೆಲದ ಮೇಲಿನ ಬೆಳೆ, ನೆಲದ ಕೆಳಗಿನ ಅನಿಲ

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಕಾವೇರಿ ನದಿಯನ್ನು ಕುರಿತು ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅವಳ ತಂದೆ ತಂಜಾವೂರಿನ ಕಡೆಗೆ ಲಾರಿ ನಡೆಸುವವರು. ಆ ಸೀಮೆಯ ಹಳ್ಳಿಯೊಂದರ ಗೋಡೆಯ ಮೇಲೆ ‘ಮೀಥೇನ್ ಬೇಡ’ ಎಂದು ತಮಿಳಿನಲ್ಲಿ ಬರೆದುದನ್ನು ಅವರು ಕಂಡು ಮನೆಯಲ್ಲಿ ಹೇಳಿದ್ದರಂತೆ. “ಸಾರ್, ಒಲೆಗೆ ಅನಿಲ ಬರುವುದು ಎರಡು ದಿನ ತಡವಾದರೆ ಎಲ್ಲರೂ ಗೊಣಗುತ್ತಾರೆ. ತಮ್ಮ ಹೊಲದ ಕೆಳಗೇ ಅನಿಲವಿದೆಯೆಂದರೆ ಬೇಡವೆನ್ನುತ್ತಾರೆ. ಇದು ಹೇಗೆ ಸರಿ?” ಎಂಬುದು ಅವಳ ಪ್ರಶ್ನೆ. ಗಂಟೆ ಬಾರಿಸುವ ಹೊತ್ತಾಗಿತ್ತು. ನಾವು ಎರಡು ಮಾತು ಹೇಳಿ ಪಾಠವನ್ನು ಮುಗಿಸಿದೆವು. ಅದು ತಕ್ಕ ಉತ್ತರವಲ್ಲವೆಂಬುದು ನಮಗೂ ಗೊತ್ತಿತ್ತು, ಅವಳ ಮುಖ ನೋಡಿದರೆ ಅವಳಿಗೂ ಗೊತ್ತಿದ್ದಂತೆ ಕಂಡಿತು. ಆ ಸಾಲವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ತೀರಿಸಲು ಯತ್ನಿಸುತ್ತೇವೆ.

ಮೊದಲು ಒಂದು ಸಣ್ಣ ತಿದ್ದುಪಡಿ. ನಮ್ಮ ಮನೆಗಳಿಗೆ ಸಿಲಿಂಡರಿನಲ್ಲಿ ಬರುವ ಅನಿಲವು ಪ್ರೋಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳ ಮಿಶ್ರಣ. ಕೊಳವೆಯಲ್ಲಿ ಮನೆಗಳಿಗೂ ಕಾರ್ಖಾನೆಗಳಿಗೂ ಬರುವ ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ತಂಜಾವೂರು ಸೀಮೆಯ ಗೋಡೆಗಳ ಮೇಲೆ ಬರೆದುದು ಈ ಎರಡನೆಯದನ್ನು ಕುರಿತು.

ಅನಿಲವು ಎಲ್ಲಿರುತ್ತದೆ?

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಬಿದ್ದ ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನಡಿ ಹೂತು, ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತೈಲವಾಗಿಯೂ ಅನಿಲವಾಗಿಯೂ ಮಾರ್ಪಟ್ಟವು. ಹೀಗೆ ಹುಟ್ಟಿದ ತೈಲ ಮತ್ತು ಅನಿಲಗಳಲ್ಲಿ ಒಂದು ಪಾಲು ಮೆಲ್ಲಮೆಲ್ಲನೆ ಮೇಲಕ್ಕೆ ಜಿನುಗಿ, ಮರಳುಗಲ್ಲಿನಂತಹ ರಂಧ್ರಮಯವಾದ ಬಂಡೆಗಳಲ್ಲಿ ಸೇರಿಕೊಂಡಿತು. ಆ ಬಂಡೆಯ ಮೇಲೆ ಅನಿಲವನ್ನು ಹೊರಬಿಡದ ಗಟ್ಟಿಯಾದ ಇನ್ನೊಂದು ಬಂಡೆ ಮುಚ್ಚಳದಂತೆ ಕುಳಿತಿದ್ದರೆ ಅಲ್ಲಿ ನಿಕ್ಷೇಪವಾಯಿತು. ಆ ಮುಚ್ಚಳಕ್ಕೆ ರಂಧ್ರ ಕೊರೆದರೆ ಒಳಗಿನ ಒತ್ತಡದಿಂದಲೇ ತೈಲ ಅಥವಾ ಅನಿಲ ಮೇಲಕ್ಕೆ ಬರುತ್ತದೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ದೊರೆತ ತೈಲವೂ, ಮುಂಬಯಿಯ ಕಡಲಿನಲ್ಲಿ 1974ರಲ್ಲಿ ದೊರೆತ ತೈಲವೂ ಈ ಬಗೆಯವು. ಕಾವೇರಿಯ ಮುಖಜಭೂಮಿಯಲ್ಲಿಯೂ ಇಂತಹ ಬಾವಿಗಳು ದಶಕಗಳಿಂದ ಇವೆ. ಅಲ್ಲಿಯ ತೈಲವನ್ನು ಶುದ್ಧೀಕರಿಸಲು ನಾಗಪಟ್ಟಣದ ಬಳಿ 1993ರಲ್ಲಿ ಒಂದು ಕಾರ್ಖಾನೆಯೂ ಸ್ಥಾಪಿತವಾಯಿತು.

ಇದು ರೂಢಿಯ ವಿಧಾನ. ಆದರೆ ಅನಿಲದ ಇನ್ನೊಂದು ಪಾಲು ತಾನು ಹುಟ್ಟಿದ ಬಂಡೆಯಲ್ಲಿಯೇ ಸಿಕ್ಕಿಕೊಂಡು ಉಳಿದಿದೆ. ಅದಕ್ಕೆ ಹರಿಯುವ ದಾರಿಯಿಲ್ಲ. ಬರಿಯ ಬಾವಿ ಕೊರೆದರೆ ಅದು ಬಾರದು. ಎಳನೀರಿಗೂ ಕೊಬ್ಬರಿ ಎಣ್ಣೆಗೂ ಇರುವ ವ್ಯತ್ಯಾಸವನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಎಳನೀರಿಗೆ ಒಂದು ತೂತು ಸಾಕು. ಕೊಬ್ಬರಿಯೊಳಗಿನ ಎಣ್ಣೆಗೆ ತೂತು ಕೊರೆದು ಪ್ರಯೋಜನವಿಲ್ಲ, ಗಾಣವೇ ಬೇಕು. ಹೀಗೆ ಗಾಣಕ್ಕೆ ಹಾಕಿ ತೆಗೆಯಬೇಕಾದ ತೈಲ ಮತ್ತು ಅನಿಲಗಳನ್ನು ಅಸಾಂಪ್ರದಾಯಿಕವೆಂದು ಕರೆಯುತ್ತಾರೆ. ಇವುಗಳಲ್ಲಿ ಮುಖ್ಯವಾದವು ಎರಡು.

ಎರಡು ಬಗೆಯ ಗಾಣ

ಮೊದಲನೆಯದು ಕಲ್ಲಿದ್ದಲಿನ ಪದರಗಳಲ್ಲಿರುವ ಮೀಥೇನ್. ಕಲ್ಲಿದ್ದಲಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿವೆ. ಮೀಥೇನ್ ಅವುಗಳ ಗೋಡೆಗಳಿಗೆ ಅಂಟಿಕೊಂಡಿರುತ್ತದೆ. ಬಿರುಕುಗಳಲ್ಲಿ ತುಂಬಿದ ನೀರಿನ ಒತ್ತಡವೇ ಅದನ್ನು ಅಲ್ಲಿ ಹಿಡಿದಿಟ್ಟಿರುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಒಳಗೆ ಕರಗಿದ್ದ ಅನಿಲ ಬುಸ್ಸೆಂದು ಮೇಲೇಳುವುದನ್ನು ನೀವು ನೋಡಿದ್ದೀರಿ. ಒತ್ತಡ ಇಳಿದರೆ ಅನಿಲ ಬಿಡುಗಡೆಯಾಗುತ್ತದೆ. ಕಲ್ಲಿದ್ದಲಿನಲ್ಲಿ ಈ ಒತ್ತಡವನ್ನು ಇಳಿಸುವ ಉಪಾಯ ಒಂದೇ. ಅದರೊಳಗಿನ ನೀರನ್ನು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಪಂಪಿನಿಂದ ಹೊರಕ್ಕೆ ತೆಗೆಯುತ್ತಿರಬೇಕು. ಹೀಗೆ ಮೇಲೆ ಬರುವ ನೀರು ಅನೇಕ ವೇಳೆ ಉಪ್ಪಾಗಿರುತ್ತದೆ. ಅದನ್ನು ಎಲ್ಲಿ ಬಿಡುವುದೆಂಬುದು ಬೇರೊಂದು ಸಮಸ್ಯೆ. ನಮ್ಮ ದೇಶದಲ್ಲಿ ಈ ಅನಿಲವನ್ನು ಕುರಿತ ನೀತಿ 1997ರಲ್ಲಿ ರೂಪುಗೊಂಡಿತು, ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ 2007ರಿಂದ ಅದನ್ನು ತೆಗೆದು ಮಾರಲಾಗುತ್ತಿದೆ.

ಎರಡನೆಯದು ಜೇಡಿಶಿಲೆಯ ಅನಿಲ. ಪತ್ರಿಕೆಗಳು ಶೇಲ್ ಎಂದು ಬರೆಯುವುದು ಇದನ್ನೇ. ಜೇಡಿಮಣ್ಣು ಒತ್ತಿ ಗಟ್ಟಿಯಾದ ಈ ಶಿಲೆ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತದೆ, ಅದರೊಳಗೆ ಅನಿಲ ಚಲಿಸಲಾರದು. ಆದುದರಿಂದ ಮೊದಲು ಒಂದೆರಡು ಕಿಲೋಮೀಟರ್ ಆಳಕ್ಕೆ ನೇರವಾಗಿ ಕೊರೆದು, ಬಳಿಕ ಕೊಳವೆಯನ್ನು ಬಾಗಿಸಿ, ಶಿಲೆಯ ಪದರದೊಳಗೇ ಅಡ್ಡಲಾಗಿ ಬಹುದೂರ ಕೊರೆಯುತ್ತಾರೆ. ಆಮೇಲೆ ನೀರು, ಮರಳು ಮತ್ತು ಸ್ವಲ್ಪ ರಾಸಾಯನಿಕಗಳ ಮಿಶ್ರಣವನ್ನು ಅತ್ಯಂತ ಒತ್ತಡದಿಂದ ಒಳಕ್ಕೆ ನುಗ್ಗಿಸಿ ಶಿಲೆಯನ್ನು ಸೀಳುತ್ತಾರೆ. ಮರಳಿನ ಕಣಗಳು ಆ ಸೀಳುಗಳು ಮುಚ್ಚದಂತೆ ತಡೆಯುತ್ತವೆ, ಅನಿಲಕ್ಕೆ ದಾರಿಯಾಗುತ್ತದೆ. ಒಂದು ಬಾವಿಗೆ ಒಂದು ಕೋಟಿ ಲೀಟರಿಗೂ ಹೆಚ್ಚು ನೀರು ಬೇಕಾಗುವುದು ಸಾಮಾನ್ಯ. ಬೇಸಗೆಯಲ್ಲಿ ನಮ್ಮ ಚೆನ್ನೈಯ ಬೀದಿಗಳಿಗೆ ಬರುವ ನೀರಿನ ಲಾರಿಯಲ್ಲಿ 12,000 ಲೀಟರ್ ಹಿಡಿಯುವುದೆಂದು ಇಟ್ಟುಕೊಂಡರೆ ಅಂತಹ ಸಾವಿರ ಲಾರಿಗಳ ನೀರು 1.2 ಕೋಟಿ ಲೀಟರ್ ಆಗುತ್ತದೆ. 2019ರ ಬೇಸಗೆಯಲ್ಲಿ ಒಂದು ಲಾರಿಗಾಗಿ ಕೊಡಗಳ ಸಾಲಿನಲ್ಲಿ ನಿಂತವರಿಗೆ ಸಾವಿರ ಲಾರಿಯೆಂದರೆ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಈ ವಿಧಾನಗಳಲ್ಲಿ ಅಪಾಯವೂ ಉಂಟು, ಲಾಭವೂ ಉಂಟು. ಬಾವಿಯ ಸುತ್ತಣ ಸಿಮೆಂಟಿನ ಕವಚ ಬಿರಿದರೆ ಅನಿಲವೋ ಮಲಿನ ಜಲವೋ ಕುಡಿಯುವ ನೀರಿನ ಪದರವನ್ನು ಸೇರಬಹುದು. ಮೇಲೆ ಬಂದ ನೀರು ಗದ್ದೆಗೆ ಹರಿದರೆ ಮಣ್ಣು ಕೆಡುತ್ತದೆ. ಕೆಲವೆಡೆ ಸಣ್ಣ ಭೂಕಂಪಗಳೂ ಆಗಿವೆ. ಇನ್ನು ಲಾಭದ ಮಾತು. ವಿದ್ಯುತ್ತಿಗಾಗಿ ಕಲ್ಲಿದ್ದಲನ್ನು ಸುಡುವುದಕ್ಕಿಂತ ಅನಿಲವನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಸುಡದೆ ಸೋರಿಹೋದ ಮೀಥೇನ್, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚಾಗಿ ವಾಯುಮಂಡಲವನ್ನು ಬಿಸಿಯಾಗಿಸುತ್ತದೆ. ಆದುದರಿಂದ ಈ ಲಾಭವೆಲ್ಲ ಸೋರದ ಕೊಳವೆಯನ್ನು ಅವಲಂಬಿಸಿದೆ.

ಅಪ್ಪಣೆ ಕೊಡುವವರು ಯಾರು?

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಭಾಗವೂ ಹಾಗೆಯೇ. ದೂರದ ಕಡಲಿನಲ್ಲಿ ಯುದ್ಧವಾದರೆ ನಮ್ಮ ಅಂಗಡಿಯ ತರಕಾರಿಯ ಬೆಲೆ ಏರುವುದು ಇದರಿಂದಲೇ. ಹೀಗಿರಲು ಸರ್ಕಾರವು ತನ್ನ ನೆಲದಲ್ಲಿ ಅನಿಲವನ್ನು ಹುಡುಕಿದರೆ ಅದನ್ನು ದುರಾಸೆಯೆಂದು ಹೇಳಲಾಗದು. ಜೇಡಿಶಿಲೆಯ ಅನಿಲವನ್ನು ಹುಡುಕಲು ಸರ್ಕಾರಿ ಸಂಸ್ಥೆಗಳಿಗೆ 2013ರಲ್ಲಿ ಅನುಮತಿ ದೊರೆಯಿತು. 2016ರ ನೀತಿಯು ಎಲ್ಲ ಬಗೆಯ ತೈಲ ಮತ್ತು ಅನಿಲಗಳಿಗೂ ಒಂದೇ ಪರವಾನಗಿ ಸಾಕೆಂದು ವಿಧಿಸಿತು. 2018ರಲ್ಲಿ ಹಳೆಯ ಗುತ್ತಿಗೆದಾರರಿಗೂ ತಮ್ಮ ಕ್ಷೇತ್ರಗಳಲ್ಲಿ ಅಸಾಂಪ್ರದಾಯಿಕ ಅನಿಲವನ್ನು ತೆಗೆಯುವ ಅವಕಾಶವಾಯಿತು.

ಇಲ್ಲಿ ಸಂವಿಧಾನದ ಒಂದು ಅಂಶವನ್ನು ಗಮನಿಸಬೇಕು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಧಿಕಾರಗಳನ್ನು ಪಟ್ಟಿಗಳಾಗಿ ಹಂಚಿದೆ. ಕೇಂದ್ರದ ಪಟ್ಟಿಯ 53ನೆಯ ನಮೂದಿನಲ್ಲಿ ತೈಲಕ್ಷೇತ್ರಗಳೂ ಪೆಟ್ರೋಲಿಯಮ್ಮೂ ಇವೆ. ಅನಿಲವೂ ಇದರಲ್ಲಿಯೇ ಸೇರಿತೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸ್ಪಷ್ಟಪಡಿಸಿತು. ರಾಜ್ಯದ ಪಟ್ಟಿಯ 14ನೆಯ ನಮೂದು ಕೃಷಿ, 17 ನೀರು, 18 ಭೂಮಿ. ಎಂದರೆ ಒಂದೇ ಹೊಲದಲ್ಲಿ ಮೇಲೆ ಬೆಳೆಯುವ ಭತ್ತ ರಾಜ್ಯದ ವಿಷಯ, ಕೆಳಗೆ ಅಡಗಿರುವ ಅನಿಲ ಕೇಂದ್ರದ ವಿಷಯ! ನೆಲವನ್ನು ಉಳುವ ರೈತನಿಗೆ ಮೇಲ್ಮಣ್ಣಿನ ಒಡೆತನವುಂಟು, ತೈಲ ಮತ್ತು ಅನಿಲಗಳ ಒಡೆತನವಿಲ್ಲ. ಈ ಹಂಚಿಕೆಯನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು.

ಮನ್ನಾರ್‌ಗುಡಿ ಮತ್ತು ನೆಡುವಾಸಲ್

ತಿರುವಾರೂರು ಜಿಲ್ಲೆಯ ಮನ್ನಾರ್‌ಗುಡಿಯ ಸುತ್ತಣ ನೆಲದಡಿಯಲ್ಲಿ ಬಹು ಆಳದಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಪದರಗಳಿವೆ. ಅವುಗಳಿಂದ ಮೀಥೇನ್ ತೆಗೆಯಲು 2010ರಲ್ಲಿ ಕೇಂದ್ರ ಸರ್ಕಾರವು ಒಂದು ಖಾಸಗಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಆ ಪ್ರದೇಶವು ತಮಿಳುನಾಡಿನ ಭತ್ತದ ಕಣಜ. ಮೆಟ್ಟೂರು ಅಣೆಕಟ್ಟಿನ ಬಾಗಿಲನ್ನು ಜೂನ್ 12ರಂದು ತೆರೆಯುವುದು ರೂಢಿ, ಆ ನೀರನ್ನು ನಂಬಿ ಕುರುವೈ ಮತ್ತು ಸಾಂಬಾ ಬೆಳೆಗಳು ಏಳುತ್ತವೆ. ಕಡಲು ಹತ್ತಿರವಾದುದರಿಂದ ಅಂತರ್ಜಲ ಇಳಿದಂತೆಲ್ಲ ಉಪ್ಪುನೀರು ಒಳಕ್ಕೆ ನುಗ್ಗುವ ಭಯವೂ ಅಲ್ಲಿ ನಿತ್ಯದ್ದು.

ನೆಲದಡಿಯ ನೀರನ್ನು ವರ್ಷಗಟ್ಟಲೆ ಹೊರಗೆಳೆಯಬೇಕೆಂಬ ಸುದ್ದಿ ಕೇಳಿ ರೈತರು ಬೆಚ್ಚಿದುದು ಸಹಜ. ನೀರೆತ್ತುವುದೆಂದರೇನೆಂದು ತಿಳಿಯಲು ಅವರು ದೂರ ಹೋಗಬೇಕಾಗಿರಲಿಲ್ಲ. ಉತ್ತರಕ್ಕೆ ನೈವೇಲಿಯಿದೆ. 1957ರಲ್ಲಿ ಗಣಿಗಾರಿಕೆ ಆರಂಭವಾದ ಆ ಊರಿನಲ್ಲಿ ಲಿಗ್ನೈಟ್ ಪದರದ ಕೆಳಗಿನ ನೀರು ಮೇಲಕ್ಕೊತ್ತಿ ಗಣಿಯನ್ನು ಮುಳುಗಿಸದಂತೆ ಪಂಪುಗಳು ಎಡೆಬಿಡದೆ ಓಡುತ್ತಿರಬೇಕು.

ಕೃಷಿವಿಜ್ಞಾನಿ ನಮ್ಮಾಳ್ವಾರರು ಈ ಯೋಜನೆಯ ವಿರುದ್ಧ ಹಳ್ಳಿಹಳ್ಳಿಗೆ ನಡೆದು ಜನರಿಗೆ ತಿಳಿಹೇಳಿದರು. ಸರ್ಕಾರಿ ಸಂಶೋಧನಾ ಕೇಂದ್ರದ ಕೆಲಸವನ್ನು ಬಿಟ್ಟು ಸಾವಯವ ಕೃಷಿಗಾಗಿ ಬಾಳನ್ನು ಮುಡಿಪಾಗಿಟ್ಟಿದ್ದ ಅವರು ಈ ಪ್ರಚಾರದಲ್ಲಿ ತೊಡಗಿದ್ದಾಗಲೇ 2013ರ ಡಿಸೆಂಬರ್ 30ರಂದು ಪಟ್ಟುಕ್ಕೋಟ್ಟೈಯ ಬಳಿ ತೀರಿಕೊಂಡರು. ಅದೇ ವರ್ಷ ರಾಜ್ಯ ಸರ್ಕಾರವು ಕೆಲಸವನ್ನು ನಿಲ್ಲಿಸಿ ತಜ್ಞರ ಸಮಿತಿಯನ್ನು ನೇಮಿಸಿತ್ತು. 2015ರಲ್ಲಿ ಯೋಜನೆಗೆ ಅನುಮತಿಯಿಲ್ಲವೆಂದು ಘೋಷಿಸಿತು.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿಯು ದೇಶದ 31 ಸಣ್ಣ ಕ್ಷೇತ್ರಗಳನ್ನು ಗುತ್ತಿಗೆಗೆ ಕೊಡಲು ಒಪ್ಪಿತು. ಅವುಗಳಲ್ಲಿ ಪುದುಕೋಟೆ ಜಿಲ್ಲೆಯ ನೆಡುವಾಸಲ್ ಒಂದು. ಅದನ್ನು ಪಡೆದುದು ನಮ್ಮ ಕರ್ನಾಟಕದ ಒಂದು ಸಂಸ್ಥೆ. ಗುತ್ತಿಗೆಯ ಕಾಗದದಲ್ಲಿ ‘ಹೈಡ್ರೋಕಾರ್ಬನ್’ ಎಂಬ ಪದವಿತ್ತು. ರಸಾಯನಶಾಸ್ತ್ರದಲ್ಲಿ ಜಲಜನಕ ಮತ್ತು ಇಂಗಾಲಗಳಿಂದಾದ ಯಾವ ಸಂಯುಕ್ತಕ್ಕಾದರೂ ಈ ಹೆಸರು ಸಲ್ಲುತ್ತದೆ. ರೂಢಿಯ ತೈಲವೂ ಅದೇ, ಜೇಡಿಶಿಲೆಯ ಅನಿಲವೂ ಅದೇ. ಒಂದೇ ಪರವಾನಗಿಯಲ್ಲಿ ಎಲ್ಲವೂ ಅಡಕವಾಗಿದ್ದುದರಿಂದ ತಮ್ಮ ಹೊಲದಲ್ಲಿ ಯಾವ ಕೆಲಸ ನಡೆಯಲಿದೆಯೆಂದು ರೈತರಿಗೆ ನಿಶ್ಚಯವಾಗಲಿಲ್ಲ. ಎಳನೀರಿಗಾಗಿ ಬಂದವರೋ ಗಾಣ ಹೂಡಲು ಬಂದವರೋ ಎಂಬುದು ತಿಳಿಯದೆ ಹೆಂಗಸರೂ ಮಕ್ಕಳೂ ಸೇರಿ ತಿಂಗಳುಗಟ್ಟಲೆ ಧರಣಿ ಕುಳಿತರು. ಸರ್ಕಾರಗಳು ಜನರೊಡನೆ ಮಾತನಾಡುವಾಗ ಪದಗಳನ್ನು ಬಿಡಿಸಿ ಹೇಳದಿದ್ದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ಘಟನೆ ಈ ಸಂಶಯವನ್ನು ಬಲಪಡಿಸಿತು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಇಂತಹ ಯೋಜನೆಗಳಿಗೆ ಮುನ್ನ ಸಾರ್ವಜನಿಕರ ಅಹವಾಲನ್ನು ಕೇಳಬೇಕಾಗಿತ್ತು. 2020ರ ಜನವರಿ 16ರಂದು ಕೇಂದ್ರವು ಅದನ್ನು ತಿದ್ದಿ, ಪರೀಕ್ಷಾರ್ಥವಾಗಿ ಕೊರೆಯುವ ಬಾವಿಗಳಿಗೆ ಅಹವಾಲು ಸಭೆಯ ಅಗತ್ಯವಿಲ್ಲವೆಂದು ಮಾಡಿತು.

2020ರ ಕಾಯಿದೆ

ಆಗ ರಾಜ್ಯ ಸರ್ಕಾರದ ಮುಂದೆ ಒಂದು ತೊಡಕಿತ್ತು. ಅನಿಲವನ್ನು ಕುರಿತು ಕಾಯಿದೆ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೆ ಕೃಷಿಯನ್ನು ಕುರಿತು ಉಂಟು. 2020ರ ಫೆಬ್ರವರಿ 9ರಂದು ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿಯವರು ಮುಖಜಭೂಮಿಯನ್ನು ಸಂರಕ್ಷಿತ ಕೃಷಿವಲಯವನ್ನಾಗಿ ಮಾಡುವುದಾಗಿ ಸಾರಿದರು. ಹನ್ನೊಂದೇ ದಿನಗಳಲ್ಲಿ, ಫೆಬ್ರವರಿ 20ರಂದು, ವಿಧಾನಸಭೆಯು ಅದರ ಮಸೂದೆಯನ್ನು ಅಂಗೀಕರಿಸಿತು.

ತಂಜಾವೂರು, ತಿರುವಾರೂರು, ನಾಗಪಟ್ಟಣ ಜಿಲ್ಲೆಗಳೂ ಕಡಲೂರು ಮತ್ತು ಪುದುಕೋಟೆ ಜಿಲ್ಲೆಗಳ ಕೆಲವು ಬ್ಲಾಕುಗಳೂ ಈ ವಲಯಕ್ಕೆ ಸೇರಿದವು. ಅಲ್ಲಿ ಹೊಸದಾಗಿ ಮಾಡಬಾರದ ಉದ್ಯಮಗಳ ಪಟ್ಟಿಯೊಂದನ್ನು ಕಾಯಿದೆಯು ಕೊಡುತ್ತದೆ. ತಾಮ್ರ, ಸತು, ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಗಳು, ಚರ್ಮ ಹದಮಾಡುವ ಕಾರ್ಖಾನೆಗಳು, ಹಡಗು ಒಡೆಯುವ ಕೆಲಸ ಇವುಗಳೊಡನೆ ತೈಲ ಮತ್ತು ನೈಸರ್ಗಿಕ ಅನಿಲಗಳ ಶೋಧನೆ, ಕೊರೆತ, ಉತ್ಪಾದನೆಗಳೂ ಅದರಲ್ಲಿವೆ. ಕಲ್ಲಿದ್ದಲಿನ ಮೀಥೇನ್ ಮತ್ತು ಜೇಡಿಶಿಲೆಯ ಅನಿಲಗಳನ್ನು ಹೆಸರಿಸಿಯೇ ಹೇಳಿದೆ. ಗಮನಿಸಿ: ಅನಿಲ ಯಾರದೆಂಬ ಪ್ರಶ್ನೆಯನ್ನು ರಾಜ್ಯವು ಎತ್ತಲಿಲ್ಲ. ಈ ನೆಲ ಬೇಸಾಯಕ್ಕೆ ಮೀಸಲು ಎಂದಷ್ಟೇ ಹೇಳಿತು. ಪೆಟ್ಟಿಗೆಯೊಳಗಿನ ಚಿನ್ನ ಅಣ್ಣನದೇ ಇರಬಹುದು, ಪೆಟ್ಟಿಗೆಯನ್ನು ನನ್ನ ಅಡುಗೆಮನೆಯಲ್ಲಿ ಒಡೆಯಬೇಡ ಎಂದು ತಮ್ಮ ಹೇಳಿದಂತಾಯಿತು.

ಈ ಕಾಯಿದೆಗೆ ಮಿತಿಗಳೂ ಇವೆ. ಅದು ಹೊಸ ಯೋಜನೆಗಳನ್ನು ತಡೆಯುತ್ತದೆಯೇ ಹೊರತು ಆಗಲೇ ನಡೆಯುತ್ತಿದ್ದ ಬಾವಿಗಳನ್ನು ಮುಚ್ಚಿಸುವುದಿಲ್ಲ. ಕಾವೇರಿಯ ನೀರನ್ನೇ ಕುಡಿಯುವ ತಿರುಚ್ಚಿ, ಅರಿಯಲೂರು ಮುಂತಾದ ಜಿಲ್ಲೆಗಳು ಗಡಿಯ ಹೊರಗೆ ಉಳಿದವೆಂದು ರೈತ ಸಂಘಟನೆಗಳು ಆಕ್ಷೇಪಿಸಿದವು. ಗೆರೆ ಎಳೆದಲ್ಲೆಲ್ಲ ಗೆರೆಯ ಆಚೆಗೊಂದು ಹಳ್ಳಿ ಇದ್ದೇ ಇರುತ್ತದೆ. 2025ರಲ್ಲಿ ವಲಯದ ಹೊರಗಿನ ರಾಮನಾಥಪುರಂ ಜಿಲ್ಲೆಯಲ್ಲಿ ಇಪ್ಪತ್ತು ಪರೀಕ್ಷಾ ಬಾವಿಗಳಿಗೆ ಪರಿಸರ ಪ್ರಾಧಿಕಾರದ ಒಪ್ಪಿಗೆ ದೊರೆತಾಗ ಕಾಯಿದೆ ನೆರವಿಗೆ ಬರುವಂತಿರಲಿಲ್ಲ. ರಾಜ್ಯ ಸರ್ಕಾರವು ತಾನು ಇದಕ್ಕೆ ಅವಕಾಶ ಕೊಡುವುದಿಲ್ಲವೆಂದು ಹೇಳಿಕೆ ನೀಡಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವಂತೆ ಸೂಚಿಸಬೇಕಾಯಿತು. ಗಡಿಯ ಒಳಗಾದರೋ ಕಾಯಿದೆಯ ಬಲ ಕಂಡುಬಂದಿದೆ. 2023ರಲ್ಲಿ ಕೇಂದ್ರವು ಹರಾಜಿಗಿಟ್ಟ ಕಲ್ಲಿದ್ದಲು ಕ್ಷೇತ್ರಗಳಲ್ಲಿ ಮೂರು ಮುಖಜಭೂಮಿಯ ಸೀಮೆಯಲ್ಲಿದ್ದವು. ಮುಖ್ಯಮಂತ್ರಿ ಸ್ಟಾಲಿನ್ ಅವರು ಈ ಕಾಯಿದೆಯನ್ನು ಮುಂದಿಟ್ಟು ಪ್ರಧಾನಿಯವರಿಗೆ ಪತ್ರ ಬರೆದ ಕೆಲವೇ ದಿನಗಳಲ್ಲಿ ಅವುಗಳನ್ನು ಹರಾಜಿನಿಂದ ಕೈಬಿಡಲಾಯಿತು.

ಸ್ಕಾಟ್ಲೆಂಡಿನವರು ಹಿಡಿದ ದಾರಿ

ಇದೇ ತೊಡಕನ್ನು ಬೇರೊಂದು ದೇಶ ಹೇಗೆ ಬಿಡಿಸಿತೆಂದು ನೋಡೋಣ. ಜೇಡಿಶಿಲೆಯ ವಿಷಯದಲ್ಲಿ ಸ್ಕಾಟ್ಲೆಂಡ್ ಹೊಸಬ ದೇಶವಲ್ಲ. ಜೇಮ್ಸ್ ಯಂಗ್ ಎಂಬ ರಸಾಯನಶಾಸ್ತ್ರಜ್ಞ 1850ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದ ಶಿಲಾತೈಲದ ಉದ್ಯಮವು ಅಲ್ಲಿ 1962ರವರೆಗೂ ನಡೆಯಿತು. ಸುಟ್ಟ ಶಿಲೆಯ ಕೆಂಪು ಗುಡ್ಡಗಳು ಎಡಿನ್‌ಬರೋ ನಗರದ ಪಶ್ಚಿಮಕ್ಕೆ ಇಂದಿಗೂ ನಿಂತಿವೆ.

ಅಲ್ಲಿಯೂ ಹೊಲವೊಂದು, ಒಡೆತನ ಎರಡು. ತೈಲದ ಪರವಾನಗಿ ಕೊಡುವ ಅಧಿಕಾರ 2018ರವರೆಗೆ ಲಂಡನ್ನಿನ ಸರ್ಕಾರದ್ದಾಗಿತ್ತು, ಭೂಬಳಕೆಯ ಯೋಜನೆಯ ಅಧಿಕಾರ ಎಡಿನ್‌ಬರೋ ಸರ್ಕಾರದ್ದು. 2015ರಲ್ಲಿ ಸ್ಕಾಟಿಷ್ ಸರ್ಕಾರವು ಹೊಸ ಅನುಮತಿಗಳನ್ನು ತಾತ್ಕಾಲಿಕವಾಗಿ ತಡೆಹಿಡಿದು, ಅಧ್ಯಯನಗಳನ್ನು ಮಾಡಿಸಿ, 2017ರಲ್ಲಿ ಜನರ ಅಭಿಪ್ರಾಯವನ್ನು ಕೇಳಿತು. ಅರುವತ್ತು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು, ನೂರಕ್ಕೆ ಸುಮಾರು ತೊಂಬತ್ತೊಂಬತ್ತು ಬೇಡವೆಂದವು. ಆಗ ಮಂತ್ರಿಗಳು ಇದನ್ನು ‘ನಿಷೇಧ’ವೆಂದು ವರ್ಣಿಸಿದರು. ಪರವಾನಗಿ ಹೊಂದಿದ್ದ ಉದ್ಯಮ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಯಿತು. 2018ರ ಜೂನ್ ತಿಂಗಳಲ್ಲಿ ನ್ಯಾಯಾಧೀಶರು ಕೊಟ್ಟ ತೀರ್ಪು ವಿಚಿತ್ರವಾಗಿ ಕಾಣುತ್ತದೆ: ಕಾನೂನಿನ ದೃಷ್ಟಿಯಲ್ಲಿ ಇಲ್ಲಿ ನಿಷೇಧವೇ ಇಲ್ಲ, ಇನ್ನೂ ರೂಪುಗೊಳ್ಳುತ್ತಿರುವ ಒಂದು ನೀತಿ ಮಾತ್ರ ಇದೆ. ಮಂತ್ರಿಗಳ ಮಾತು ಕಾಯಿದೆಯಲ್ಲ. ಬಳಿಕ 2019ರ ಅಕ್ಟೋಬರ್ ತಿಂಗಳಲ್ಲಿ ‘ಸರ್ಕಾರವು ಇದನ್ನು ಬೆಂಬಲಿಸುವುದಿಲ್ಲ’ ಎಂಬ ನೀತಿ ಅಂತಿಮವಾಯಿತು. 2023ರ ಫೆಬ್ರವರಿಯಲ್ಲಿ ಅದು ಇಡೀ ದೇಶದ ಭೂಬಳಕೆಯ ಯೋಜನೆಯಲ್ಲಿ ಸೇರಿತು. ಆದುದರಿಂದ ಸ್ಥಳೀಯ ಅಧಿಕಾರಿಗಳು ಪ್ರತಿಯೊಂದು ಅರ್ಜಿಯನ್ನೂ ಈ ನೀತಿಯ ಬೆಳಕಿನಲ್ಲಿಯೇ ನೋಡಬೇಕು.

ನೀತಿಗೂ ಕಾಯಿದೆಗೂ ಇರುವ ವ್ಯತ್ಯಾಸವನ್ನು ನೆರೆಯ ಇಂಗ್ಲೆಂಡಿನಲ್ಲಿ ಇನ್ನೂ ಚೆನ್ನಾಗಿ ಕಾಣಬಹುದು. ಲ್ಯಾಂಕಷೈರಿನ ಬಾವಿಯೊಂದರಿಂದ 2019ರ ಆಗಸ್ಟ್ ತಿಂಗಳಲ್ಲಿ 2.9 ಪ್ರಮಾಣದ ಭೂಕಂಪವಾದ ಮೇಲೆ ಅದೇ ನವೆಂಬರಿನಲ್ಲಿ ಸರ್ಕಾರವು ಶಿಲೆ ಸೀಳುವ ಕೆಲಸವನ್ನು ನಿಲ್ಲಿಸಿತು. 2022ರ ಸೆಪ್ಟೆಂಬರಿನಲ್ಲಿ ಹೊಸ ಪ್ರಧಾನಿ ಬಂದರು, ತಡೆ ತೆರವಾಯಿತು. ಅಕ್ಟೋಬರಿನಲ್ಲಿ ಮತ್ತೊಬ್ಬ ಪ್ರಧಾನಿ ಬಂದರು, ತಡೆ ಮರಳಿತು. ನೀತಿಯನ್ನು ಮಂತ್ರಿಯ ಒಂದು ಸಹಿ ಬದಲಿಸಬಲ್ಲದು. ಕಾಯಿದೆಯನ್ನು ಬದಲಿಸಲು ಶಾಸನಸಭೆ ಸೇರಬೇಕು, ಕಾರಣ ಕೊಡಬೇಕು, ಪ್ರತಿಪಕ್ಷದ ಮಾತು ಕೇಳಬೇಕು. ತಮಿಳುನಾಡು ಎಳೆದ ಗೆರೆ ಚಿಕ್ಕದಾದರೂ ಗಟ್ಟಿಯಾದುದೇಕೆಂದು ಇದರಿಂದ ತಿಳಿಯುತ್ತದೆ.

ಕನ್ನಡಿಗರಿಗೇನು?

‘ಇದೆಲ್ಲ ತಮಿಳು ರೈತರ ಮಾತು, ಕನ್ನಡ ಶಾಲೆಯ ಸಂಚಿಕೆಯಲ್ಲಿ ಏಕೆ?’ ಎಂದು ನೀವು ಕೇಳಬಹುದು. ಕಾವೇರಿಯ ನೀರಿನ ಮಾತು ಬಿಸಿಯಾಗುವ ದಿನಗಳಲ್ಲಿ ಈ ಊರಿನ ಕನ್ನಡಿಗರಾದ ನಾವು ಬಸ್ಸಿನಲ್ಲಿ ಧ್ವನಿ ತಗ್ಗಿಸಿ ಮಾತನಾಡುವುದುಂಟು. ಬೆಂಗಳೂರಿನ ತಮಿಳರೂ ಹಾಗೆಯೇ ಮಾಡುತ್ತಾರೆ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಸುಮಾರು 800 ಕಿಲೋಮೀಟರ್ ಹರಿಯುವ ನದಿಯ ಎರಡು ತುದಿಗಳಲ್ಲಿ ಇರುವವರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿಳಿಯದಿರುವುದೇ ಈ ಭಯಕ್ಕೆ ಅರ್ಧ ಕಾರಣ. ಆದುದರಿಂದ ಒಂದು ಲೆಕ್ಕವನ್ನು ನೋಡೋಣ.

2007ರ ನ್ಯಾಯಮಂಡಳಿಯ ತೀರ್ಪಿನಲ್ಲಿ ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಟಿ.ಎಂ.ಸಿ. ಅಡಿ ನೀರು ಹಂಚಿಕೆಯಾಗಿತ್ತು. ಒಂದು ಟಿ.ಎಂ.ಸಿ. ಅಡಿ ಎಂದರೆ ಸುಮಾರು 2,830 ಕೋಟಿ ಲೀಟರ್. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ತಿದ್ದಿ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ವ್ಯತ್ಯಾಸ 14.75. ಇದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ಉಳಿದ 10 ಎಲ್ಲಿಂದ ಬಂದಿತು? ತಮಿಳುನಾಡಿನ ಮುಖಜಭೂಮಿಯ ನೆಲದಡಿಯಲ್ಲಿ ಅಂತರ್ಜಲವಿದೆ, ಅದರಲ್ಲಿ 10 ಟಿ.ಎಂ.ಸಿ. ಅಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ನ್ಯಾಯಾಲಯ ಹೇಳಿತು.

ಈ ವಾಕ್ಯವನ್ನು ಎರಡು ಬಾರಿ ಓದಬೇಕು. ಮಂಡ್ಯದ ನಾಲೆಯಲ್ಲಿ ಹೆಚ್ಚಾಗಿ ಹರಿಯಬಹುದಾದ ನೀರಿಗೆ ಆಧಾರವಾಗಿರುವುದು ತಂಜಾವೂರು ಸೀಮೆಯ ನೆಲದಡಿಯ ನೀರು! ಆಳದ ಪದರದ ನೀರನ್ನು ಎತ್ತಿದರೆ ಮೇಲಿನ ಸಿಹಿನೀರು ಇಳಿದೇ ತೀರುವುದೆಂದು ನಾವು ಹೇಳುತ್ತಿಲ್ಲ. ನಡುವೆ ನೀರು ಇಳಿಯದ ಗಟ್ಟಿ ಪದರವಿದ್ದರೆ ಎರಡೂ ಬೇರೆಬೇರೆಯಾಗಿ ಉಳಿಯಬಹುದು. ಆದರೆ ಆ ಅಂತರ್ಜಲ ಉಪ್ಪಾದ ದಿನ ತಮಿಳುನಾಡು ಮತ್ತೆ ನ್ಯಾಯಾಲಯದ ಬಾಗಿಲು ತಟ್ಟದೆ ಇರದು, ಮತ್ತೆ ಬೆಂಗಳೂರು ಮತ್ತು ಚೆನ್ನೈಯ ಬಸ್ಸುಗಳಲ್ಲಿ ಜನ ಧ್ವನಿ ತಗ್ಗಿಸದೆ ಇರರು. ಮುಖಜಭೂಮಿಯ ರೈತ ತನ್ನ ಬಾವಿಯನ್ನು ಕಾಯುತ್ತಿರುವಾಗ ತಿಳಿದೋ ತಿಳಿಯದೆಯೋ ನಮ್ಮ ಪಾಲನ್ನೂ ಕಾಯುತ್ತಿದ್ದಾನೆ.

ಪ್ರಶ್ನೆಗೆ ಉತ್ತರ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ಅನಿಲ ಬೇಕು, ಆದರೆ ನಮ್ಮ ಹೊಲದಿಂದ ಬೇಡವೆನ್ನುವುದು ಹೇಗೆ ಸರಿ?

ಅವಳ ಮಾತಿನಲ್ಲಿ ಸತ್ಯದ ಅಂಶವಿದೆ, ಅದನ್ನು ನಾವು ಮುಚ್ಚಿಡಬಾರದು. ಬೇಡವೆಂದು ನಿರ್ಧರಿಸಿದ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಬಂದರಿಗೆ 2016ರಿಂದಲೇ ಅಮೆರಿಕದ ಜೇಡಿಶಿಲೆಯಿಂದ ತೆಗೆದ ಈಥೇನ್ ಹಡಗುಗಳಲ್ಲಿ ಬಂದಿತು. ನಮ್ಮ ದೇಶಕ್ಕೂ 2018ರಿಂದ ದೀರ್ಘಾವಧಿಯ ಒಪ್ಪಂದದ ಮೇಲೆ ಅಮೆರಿಕದ ದ್ರವೀಕೃತ ಅನಿಲ ಬರುತ್ತಿದೆ. ಆ ದೇಶದ ಅನಿಲದಲ್ಲಿ ಬಹುಭಾಗ ಜೇಡಿಶಿಲೆಯನ್ನು ಸೀಳಿ ತೆಗೆದುದೇ. ಹೊರದೇಶದ ದ್ರವೀಕೃತ ಅನಿಲವನ್ನು ಇಳಿಸಿಕೊಳ್ಳುವ ನಿಲ್ದಾಣವೊಂದು ನಮ್ಮ ಎಣ್ಣೂರಿನಲ್ಲಿಯೇ 2019ರಲ್ಲಿ ಆರಂಭವಾಯಿತು. ಇಲ್ಲಿ ಬೇಡವೆಂದ ಮಾತ್ರಕ್ಕೆ ಬಾವಿ ಇಲ್ಲವಾಗುವುದಿಲ್ಲ, ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ.

ಹಾಗಾದರೆ ರೈತರ ನಿಲುವು ತಪ್ಪೇ? ನಮಗೆ ಹಾಗೆ ತೋರುವುದಿಲ್ಲ. ಎಲ್ಲ ನೆಲವೂ ಒಂದೇ ಅಲ್ಲ. ಬಂಜರಿನ ಕೆಳಗಿನ ಅನಿಲಕ್ಕೂ ಮೂರು ರಾಜ್ಯಗಳೂ ಪುದುಚೇರಿಯೂ ನೀರು ಹಂಚಿಕೊಳ್ಳುವ, ಲಕ್ಷಾಂತರ ಕುಟುಂಬಗಳು ಅನ್ನ ಬೆಳೆಯುವ ನೆಲದ ಕೆಳಗಿನ ಅನಿಲಕ್ಕೂ ವ್ಯತ್ಯಾಸವುಂಟು. ಅನಿಲದ ಬಾವಿ ಕೆಲವು ದಶಕ ಉರಿದು ಬರಿದಾಗುತ್ತದೆ, ಗದ್ದೆಯಾದರೋ ನೀರು ಸಿಹಿಯಾಗಿರುವವರೆಗೂ ಪ್ರತಿವರ್ಷ ಕೊಡುತ್ತದೆ. ಯಾವ ನೆಲವನ್ನು ಯಾವುದಕ್ಕೆ ಮೀಸಲಿಡಬೇಕೆಂದು ಮೊದಲೇ ಯೋಚಿಸಿ, ಜನರನ್ನು ಕೇಳಿ, ಗೆರೆ ಎಳೆಯುವುದನ್ನೇ ಯೋಜನೆ ಎನ್ನುತ್ತೇವೆ. ಬೇಡವೆಂದು ಹೇಳುವ ಹಕ್ಕು ನಮಗಿದೆ. ಅದರ ಜೊತೆಯಲ್ಲಿಯೇ ಹಾಗಾದರೆ ಎಲ್ಲಿಂದ, ಎಷ್ಟು, ಯಾರ ಕಷ್ಟದ ಮೇಲೆ ಎಂದು ಕೇಳಿಕೊಳ್ಳುವ ಕರ್ತವ್ಯವೂ ಇದೆ. ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಹೆಚ್ಚಾಗಿ ಪಡೆಯುತ್ತಿರುವ ರಾಜ್ಯಗಳಲ್ಲಿ ತಮಿಳುನಾಡೂ ಕರ್ನಾಟಕವೂ ಸೇರಿವೆಯೆಂಬುದು ಈ ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧವನ್ನು ನಿಮ್ಮ ತಲೆಮಾರು ಕಂಡುಹಿಡಿಯಬೇಕಾಗಿದೆ.

ಆ ವಿದ್ಯಾರ್ಥಿನಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಈ ಬಾರಿಯ ರಜೆಯಲ್ಲಿ ತಂದೆಯ ಲಾರಿಯಲ್ಲಿ ತಂಜಾವೂರಿಗೆ ಹೋಗಿಬರುವುದಾಗಿ ಹೇಳಿದ್ದಾಳೆ. ಗೋಡೆಯ ಮೇಲಿನ ಬರಹವನ್ನು ಓದಿಕೊಂಡು ಬರುವುದರ ಜೊತೆಗೆ ಆ ಗೋಡೆಯ ಮನೆಯವರನ್ನೂ ಮಾತನಾಡಿಸಿ ಬರುವಂತೆ ನಾವು ಅವಳಿಗೆ ಹೇಳಿದ್ದೇವೆ. ಹಿಂದಿರುಗಿದ ಮೇಲೆ ಅವಳು ಕೇಳುವ ಪ್ರಶ್ನೆ ಇದಕ್ಕಿಂತಲೂ ಕಠಿಣವಾಗಿರುವುದೆಂದು ನಾವು ಬಲ್ಲೆವು. ಅದಕ್ಕೆ ಸಿದ್ಧರಾಗಿದ್ದೇವೆ.